ಮೂವತ್ತೈದರಲ್ಲಿ ಒಂದು ಪಾಲು

ರಾಯಚೂರಿನ ನನ್ನ ತಮ್ಮನ ಮನೆಗೆ ಹೋದವರೆಲ್ಲ ಪಡಸಾಲೆಯ ಗಾಜಿನ ಕಪಾಟಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಅದರಲ್ಲಿ ಬೆಳ್ಳಿಯ ಬಟ್ಟಲಿಲ್ಲ, ಮಕ್ಕಳು ಗೆದ್ದ ಕಪ್ಪುಗಳಿಲ್ಲ. ಗೇಣುದ್ದವೂ ಇಲ್ಲದ ಮೂರು ಮಿಲಿಟರಿ ಲಾರಿಗಳಿವೆ. "ಅಯ್ಯ, ಎಷ್ಟ್ ಚಂದ ಮಾಡ್ಯಾರ್ರಿ, ಥೇಟ್ ಖರೇ ಲಾರಿನ ಐತಿ" ಎಂದು ಹೇಳಿ, ಚಹಾ ಕುಡಿದು, ಕುಂಕುಮ ಹಚ್ಚಿಸಿಕೊಂಡು ಹೋಗುತ್ತಾರೆ. ತಪ್ಪಿದ್ದರೆ ಹೇಳುವವರು ಯಾರೂ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ದೇವದುರ್ಗದ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳ ನೋಟುಬುಕ್ಕು ತಿದ್ದಿದ ನನಗೆ ಒಂದು ಮಾತು ಗೊತ್ತಿದೆ. ಓದದೆಯೇ 'ಉತ್ತಮ' ಎಂದು ಬರೆದು ಸಹಿ ಹಾಕುವುದೆಂದರೆ ಬರೆದ ಮಗುವಿಗೆ ಅವಮಾನ ಮಾಡಿದಂತೆ. ಹಾಗಾಗಿ ಈ ಮೂರು ಲಾರಿಗಳನ್ನು ನಾನು ಕುಳಿತು ಓದಿದ್ದೇನೆ. ಓದಿದ್ದನ್ನು ಬರೆಯುತ್ತೇನೆಂದು ತಮ್ಮನಿಗೂ ಹೇಳಿದ್ದೇನೆ. "ಬರಿ, ನಿನ್ನ ಪೆನ್ನು, ನಿನ್ನ ಶಾಯಿ" ಎಂದ.

ನಮ್ಮ ತವರು ಮಾನ್ವಿ. ತಮ್ಮ 1991ರಲ್ಲಿ ಸೈನ್ಯಕ್ಕೆ ಸೇರಿ, ಬೆಂಗಳೂರಿನಲ್ಲಿ ಡ್ರೈವರ್ ತರಬೇತಿ ಪಡೆದು, ಹದಿನೇಳು ವರ್ಷ ಲಾರಿ ಓಡಿಸಿ 2008ರಲ್ಲಿ ಮನೆಗೆ ಬಂದ. ಈಗ ಒಂದು ಹತ್ತಿ ಗಿರಣಿಯಲ್ಲಿ ಲಾರಿಗಳ ಲೆಕ್ಕ ನೋಡುತ್ತಾನೆ. ಬಂದ ಹೊಸದರಲ್ಲಿ ಸಂಜೆಯಾದರೆ ಸುಮ್ಮನೆ ಕೂಡುತ್ತಿದ್ದ. ಮಾತು ಮೊದಲೇ ಕಡಿಮೆ. ಹೈದರಾಬಾದಿನಲ್ಲಿ ಕೆಲಸಕ್ಕಿರುವ ಮಗ ಒಂದು ದೀಪಾವಳಿಗೆ ಬಂದಾಗ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ಮೇಲೆ ಲಾರಿಯ ಚಿತ್ರ. ಒಳಗೆ ಲಾರಿ ಇಲ್ಲ! ಹಪ್ಪಳದ ಜಾಳಿಗೆಯಂಥ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ನೂರಾರು ತುಣುಕುಗಳು, ಒಂದೊಂದಕ್ಕೂ ನಂಬರು. ಕತ್ತರಿಸಿ, ಉಜ್ಜಿ, ಅಂಟಿಸಿ ಲಾರಿ ಮಾಡಿಕೊಳ್ಳಬೇಕು. ಇದಕ್ಕೆ ಕಿಟ್ ಎನ್ನುತ್ತಾರೆ. ಲೋಕದ ತುಂಬ ಗಂಡಸರು, ಅಲ್ಲಲ್ಲಿ ಹೆಂಗಸರೂ, ಇದನ್ನು ಮಾಡುತ್ತ ಕೂಡುತ್ತಾರಂತೆ.

ಪೆಟ್ಟಿಗೆಯ ಮೇಲೆ 1:35 ಎಂದು ಬರೆದಿತ್ತು. ನಾನು ಸಮಾಜ ವಿಜ್ಞಾನ ಕಲಿಸುವವಳು, ನಕಾಶೆಯ ಪ್ರಮಾಣ ಬಲ್ಲೆ. ನಿಜವಾದ ಲಾರಿಯ ಮೂವತ್ತೈದು ಗಜ ಇಲ್ಲಿ ಒಂದು ಗಜ. ಐದೂವರೆ ಅಡಿಯ ಮನುಷ್ಯ ಇಲ್ಲಿ ಐದು ಸೆಂಟಿಮೀಟರೂ ಇರುವುದಿಲ್ಲ. ಆದರೆ ಮೂವತ್ತೈದೇ ಯಾಕೆ, ಮೂವತ್ತು ಯಾಕಲ್ಲ? ಅದರ ಕತೆ ಮೋಜಿನದು. ಜಪಾನಿನ ಶಿಜುವೊಕಾ ಊರಿನ ತಾಮಿಯಾ ಎಂಬ ಸಂಸ್ಥೆ 1946ರಲ್ಲಿ ಕಟ್ಟಿಗೆ ವ್ಯಾಪಾರದಿಂದ ಶುರುವಾದದ್ದು. ಆಮೇಲೆ ಮರದ ಮಾದರಿ, ಬಳಿಕ ಪ್ಲಾಸ್ಟಿಕ್ ಮಾದರಿ ಮಾಡತೊಡಗಿತು. 1960ರ ದಶಕದ ಆರಂಭದಲ್ಲಿ ಅವರೊಂದು ಜರ್ಮನ್ ಟ್ಯಾಂಕಿನ ಆಟಿಗೆ ಮಾಡಿದರು. ಒಳಗೆ ಬ್ಯಾಟರಿ, ಮೋಟಾರು ಹಿಡಿಸಬೇಕು. ಹಿಡಿಸುವಷ್ಟು ಗಾತ್ರಕ್ಕೆ ಮಾಡಿ ಆಮೇಲೆ ಅಳೆದರೆ ಸುಮಾರು ಮೂವತ್ತೈದರಲ್ಲಿ ಒಂದು ಪಾಲು ಬಂತು. ಅದೇ ರೂಢಿಗೆ ಬಿದ್ದು ಲೋಕಕ್ಕೆಲ್ಲ ಶಾಸ್ತ್ರವಾಯಿತು. ಅತ್ತೆ ತನ್ನ ಪಾತ್ರೆ ಸಣ್ಣದೆಂದು ಹಬ್ಬದ ಹೋಳಿಗೆ ಸಣ್ಣಗೆ ಮಾಡಿದರೆ ಸೊಸೆ ಅದನ್ನೇ ಸಂಪ್ರದಾಯ ಅಂದುಕೊಳ್ಳುತ್ತಾಳಲ್ಲ, ಹಾಗೆ.

ಮೊದಲನೆಯ ಲಾರಿ ಆ ಪೆಟ್ಟಿಗೆಯದು. ಅಮೆರಿಕದ ಜಿಎಂಸಿ. ಎರಡನೆಯ ಮಹಾಯುದ್ಧದಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಲಾರಿ. ತಮ್ಮ ಅದನ್ನು ಹಾಳೆಯಲ್ಲಿ ಹೇಳಿದ ಹಾಗೆ ಚಾಚೂ ತಪ್ಪದೆ ಅಂಟಿಸಿದ್ದಾನೆ. ಅಂಟು ಎಲ್ಲೂ ಹೊರಗೆ ಬಂದಿಲ್ಲ, ಬಣ್ಣ ಎಲ್ಲೂ ಇಳಿದಿಲ್ಲ. ಇದರ ಬಗ್ಗೆ ಹೇಳಲು ನನಗೇನೂ ಇಲ್ಲ. ಗೈಡು ನೋಡಿ ಬರೆದ ಉತ್ತರಕ್ಕೆ ಪೂರ್ತಿ ಅಂಕ ಕೊಡಲೇಬೇಕು, ಕೊಟ್ಟಿದ್ದೇನೆ. ಅದನ್ನು ಬರೆದ ಹುಡುಗ ಯಾರೆಂದು ಮಾತ್ರ ಆ ಉತ್ತರದಿಂದ ತಿಳಿಯುವುದಿಲ್ಲ.

ಎರಡನೆಯದರಿಂದ ವಿಷಯ ಶುರುವಾಗುತ್ತದೆ. ತಮ್ಮನಿಗೆ ಬೇಕಾಗಿದ್ದು ತಾನು ಓಡಿಸಿದ ಶಕ್ತಿಮಾನ್. ಅವನಿಗೆ ಆ ಕಿಟ್ ಎಲ್ಲೂ ಸಿಗಲಿಲ್ಲ. ಅಂಗಡಿಯವರು ತೋರಿಸಿದ್ದೆಲ್ಲ ಜರ್ಮನಿಯದು, ಅಮೆರಿಕದ್ದು, ರಷ್ಯದ್ದು. ಕೊನೆಗೆ ಇಟಲಿಯ ಇಟಾಲೆರಿ ಕಂಪನಿಯ ಪೆಟ್ಟಿಗೆಯೊಂದನ್ನು ತರಿಸಿದ. ಅದು ಓಪೆಲ್ ಬ್ಲಿಟ್ಸ್ ಎಂಬ ಜರ್ಮನ್ ಲಾರಿ, ಬ್ಲಿಟ್ಸ್ ಎಂದರೆ ಮಿಂಚು. ಮೂರು ಟನ್ ಹೊರುವಂಥದು, ಮುಂದೆ ಮೂಗಿನ ಹಾಗೆ ಚಾಚಿದ ಬಾನೆಟ್ಟು. ಶಕ್ತಿಮಾನಿಗೂ ಮೂಗುಂಟು. ಅಷ್ಟೇ ಹೋಲಿಕೆ. ಮಿಕ್ಕದ್ದನ್ನೆಲ್ಲ ಕೊಯ್ದು, ಕೂಡಿಸಿ, ಹೊಸದಾಗಿ ಕಟ್ಟಬೇಕು. ಇದಕ್ಕೆ ಅವರ ಭಾಷೆಯಲ್ಲಿ ಕನ್ವರ್ಶನ್ ಎಂದು ಹೆಸರು. ನಮ್ಮಲ್ಲಿ ಅವ್ವನ ಕಾಲದಿಂದ ಇದಕ್ಕೆ ಕೌದಿ ಎನ್ನುತ್ತೇವೆ. ಹಳೆಯ ಸೀರೆ, ಹರಿದ ಧೋತರ, ಮಗನ ಅಂಗಿ ಕೂಡಿ ಬೇರೊಂದು ವಸ್ತುವಾಗುತ್ತದೆ. ಆದರೂ ಇದು ಯಾರ ಸೀರೆ ಎಂದು ಗುರುತು ಹಿಡಿಯಬಹುದು. (ಅವ್ವನ ಕೌದಿಗಳನ್ನು ಯಾರೂ ಗಾಜಿನ ಕಪಾಟಿನಲ್ಲಿ ಇಡಲಿಲ್ಲ. ಅದು ಬೇರೆ ಮಾತು.)

ಶಕ್ತಿಮಾನ್ ಕೂಡ ಒಂದು ಕೌದಿಯೇ. ಜರ್ಮನಿಯ ಎಂಎಎನ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು 1959ರಲ್ಲಿ ಜಬಲ್ಪುರದಲ್ಲಿ ಅದರ ತಯಾರಿ ಆರಂಭವಾಯಿತು. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದ ಕಾಲ. ಮೊದಮೊದಲು ಬಿಡಿಭಾಗ ಅಲ್ಲಿಂದ ತರಿಸಿ ಇಲ್ಲಿ ಜೋಡಿಸಿದರು, ಆಮೇಲೆ ಒಂದೊಂದೇ ಭಾಗ ಇಲ್ಲಿಯದಾಯಿತು. 1990ರ ದಶಕದಲ್ಲಿ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಬರುವವರೆಗೆ ಸೈನ್ಯದ ಅಕ್ಕಿ, ಬೇಳೆ, ಸೀಮೆಎಣ್ಣೆ, ಕಾಗದದ ಚೀಲ, ಗಾಯಗೊಂಡವರು ಎಲ್ಲವನ್ನೂ ಹೊತ್ತದ್ದು ಇದೇ. ಜಬಲ್ಪುರದ ಕಾರ್ಖಾನೆಯಲ್ಲಿ ನಡೆದದ್ದನ್ನೇ ನನ್ನ ತಮ್ಮ ಊಟದ ಮಣೆಯ ಮೇಲೆ ಮತ್ತೊಮ್ಮೆ ಮಾಡಿದ.

ಅದನ್ನು ಮಾಡುವಾಗ ನಾನು ಎಷ್ಟೋ ಭಾನುವಾರ ಪಕ್ಕದಲ್ಲಿ ಕುಳಿತಿದ್ದೇನೆ. ಓಪೆಲ್ ಲಾರಿಗೆ ಹಿಂದಿನ ಗಾಲಿಗೆ ಮಾತ್ರ ಎಂಜಿನ್ನಿನ ಬಲ. ಶಕ್ತಿಮಾನಿಗೆ ನಾಲ್ಕೂ ಕಡೆ ಬಲ ಹೋಗಬೇಕು. ಅಂದರೆ ಮುಂದಿನ ಅಚ್ಚಿನ ನಡುವೆ ಗುಂಡನೆಯ ಗಡ್ಡೆಯೊಂದು ಬೇಕು. ಅದಕ್ಕೆ ನನ್ನ ಮುರಿದ ಸರದ ಮಣಿ ಹೋಯಿತು. ತಾಡಪತ್ರಿಯ ಕಮಾನಿಗೆ ತಾಮ್ರದ ತಂತಿ, ಕಂದೀಲಿಗೆ ಚಮಕಿ, ರಿವೆಟ್ಟಿಗೆ ಹಾಳೆಯ ಹಿಂಬದಿಯಿಂದ ಮೊಂಡು ಸೂಜಿಯ ಗುದ್ದು. ನನ್ನ ಹೊಲಿಗೆ ಡಬ್ಬಿ ಅರ್ಧ ಖಾಲಿ. ಬಾಗಿಲು, ಮಡ್‌ಗಾರ್ಡಿಗೆ ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆ. ಅಂಟು ಎಂದರೆ ನಮ್ಮ ಗೋಂದಿನಂಥದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಅದು ಕುಂಚದ ತುದಿಯಲ್ಲೇ ಆರಿಹೋಗುತ್ತದೆ ಎಂದು ನಸುಕಿನಲ್ಲೆದ್ದು ಕೂಡುತ್ತಿದ್ದ.

ನನಗೆ ಬಹಳ ಹಿಡಿಸಿದ್ದು ಕಡ್ಡಿ ಎಳೆಯುವ ಕೆಲಸ. ತುಣುಕುಗಳನ್ನೆಲ್ಲ ಬಿಡಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ತಿರುಗಿಸುತ್ತ ಕಾಯಿಸಬೇಕು. ಅದು ಮೆತ್ತಗಾಗಿ ಹೊಳೆಯತೊಡಗಿದಾಗ ಬೆಂಕಿಯಿಂದ ತೆಗೆದು ಎರಡೂ ಕೈಯಿಂದ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಬ್ರೇಕಿನ ಕೊಳವೆ, ವಯರು ಎಲ್ಲಕ್ಕೂ ಅದೇ. ಬೇಗ ಎಳೆದರೆ ತುಂಡು, ತಡಮಾಡಿದರೆ ಗಟ್ಟಿ. ಎಳೆಪಾಕ ನೋಡಿ ಗೊತ್ತಿರುವ ಯಾವ ಹೆಣ್ಣುಮಗಳಾದರೂ ಇದನ್ನು ಮೊದಲ ಸಲಕ್ಕೇ ಮಾಡಬಲ್ಲಳು. ನಾನು ಮಾಡಿದೆ. ತಮ್ಮನಿಗೆ ನಾಲ್ಕು ದಿನ ಹಿಡಿದಿತ್ತು.

ಈಗ ತಪ್ಪುಗಳು. ಮೊದಲನೆಯದು ತಾಡಪತ್ರಿ. ಫೆವಿಕಾಲ್ ನೀರಿನಲ್ಲಿ ಅದ್ದಿದ ಬರೆಯುವ ಕಾಗದವನ್ನು ಕಮಾನಿನ ಮೇಲೆ ಹೊದಿಸಿದ್ದ. ನೋಡಿದವರೆಲ್ಲ ಮೆಚ್ಚಿದರು. ನಾನು ಲೆಕ್ಕ ಹಾಕಿದೆ. ಆ ಕಾಗದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪ. ಮೂವತ್ತೈದರಿಂದ ಗುಣಿಸಿದರೆ ಮೂರೂವರೆ ಮಿಲಿಮೀಟರ್. "ಇದು ತಾಡಪತ್ರಿ ಅಲ್ಲೋ, ಕಂಬಳಿ" ಎಂದೆ. ಮಡಿಕೆಗಳೂ ಕಂಬಳಿಯವೇ, ದುಂಡು ದುಂಡು. ಅವನು ಒಂದು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಕೈ ಒರೆಸುವ ತೆಳು ಕಾಗದದ ಒಂದೇ ಪದರ ಬಿಡಿಸಿ ಮತ್ತೆ ಹೊದಿಸಿದ.

ಎರಡನೆಯದು ಕೆಸರು, ಇದು ದೊಡ್ಡ ತಪ್ಪು. ಹೊಸ ಲಾರಿ ಹೊಸದಾಗಿ ಕಾಣಬಾರದು ಎಂಬುದು ಈ ಕಲೆಯವರ ನಂಬಿಕೆ. ತುಕ್ಕು, ಎಣ್ಣೆಯ ಕಲೆ, ಕೆಸರು ಎಲ್ಲವನ್ನೂ ಬಣ್ಣದಿಂದ ಹಚ್ಚುತ್ತಾರೆ. ತಮ್ಮ ಗಾಲಿಗೆ, ಮಡ್‌ಗಾರ್ಡಿಗೆ ಚಾಕಲೇಟಿನ ಬಣ್ಣದ ಕೆಸರು ಹಚ್ಚಿದ್ದ, ಎಲ್ಲ ಕಡೆ ಒಂದೇ ಸಮ. ಇದು ಯಾವ ಊರಿನ ಕೆಸರು ಎಂದು ಕೇಳಿದೆ. ಉತ್ತರವಿಲ್ಲ. ಯುರೋಪಿನವರ ಪುಸ್ತಕದ ಚಿತ್ರ ನೋಡಿ ಹಚ್ಚಿದ್ದು. ಕೆಸರಿನ ವಿಷಯದಲ್ಲಿ ನಾನು ಸುಮ್ಮನಿರಲಾರೆ. ಇಬ್ಬರು ಮಕ್ಕಳ ಸಮವಸ್ತ್ರ ಒಗೆದವಳು ನಾನು. ನಮ್ಮ ಎರೆಮಣ್ಣು ಹಸಿಯಿದ್ದಾಗ ಕಪ್ಪು. ಗಾಲಿಗೆ ಒಂದರ ಮೇಲೊಂದು ಸುತ್ತಿ ರೊಟ್ಟಿಯಷ್ಟು ದಪ್ಪವಾಗುತ್ತದೆ. ಒಣಗಿದರೆ ಬೂದಿಬಣ್ಣಕ್ಕೆ ತಿರುಗಿ, ಬಿರುಕು ಬಿಟ್ಟು, ಹೆಕ್ಕಳೆಯಾಗಿ ಉದುರುತ್ತದೆ. ಮಸಾರಿ ಮಣ್ಣು ಹಾಗಲ್ಲ, ಕೊಡವಿದರೆ ಹೋಗುತ್ತದೆ, ಕಲೆ ಮಾತ್ರ ಹೋಗುವುದಿಲ್ಲ. ಮಣ್ಣೆಂದರೆ ಒಂದು ಊರಿನ ವಿಳಾಸ. ಓಡಿಸಿದವನು ವಿಳಾಸ ತಪ್ಪು ಬರೆದರೆ ಹೇಗೆ?

ಅವನು ಬಹಳ ಹೊತ್ತು ಆ ಗಾಲಿ ನೋಡುತ್ತ ಕುಳಿತು, "ಅಲ್ಲಿ ಕೆಸರು ಇರಲಿಲ್ಲಕ್ಕಾ. ಧೂಳು. ಜರಡಿ ಹಿಡಿದ ಹಿಟ್ಟಿನಂಗ ಬೆಳ್ಳಗ" ಎಂದ. ಹದಿನೇಳು ವರ್ಷದಲ್ಲಿ ಅಲ್ಲಿಯ ಬಗ್ಗೆ ಅವನು ನನಗೆ ಹೇಳಿದ ಮೊದಲ ಸಂಗತಿ ಇದು.

ನನಗೆ ಇನ್ನೊಂದು ತಕರಾರೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಯುದ್ಧದ ಸಾಮಾನನ್ನು ಆಟಿಗೆ ಮಾಡಿ ಮನೆಯಲ್ಲಿಡುವುದು ಯಾಕೆ? ಕಪಾಟು ಪರದೇಶದ್ದಾದರೂ ಲಾರಿ ನಮ್ಮದು ಎನ್ನುವ ಹೆಮ್ಮೆ ಸರಿ. ಆದರೆ ಈ ಲಾರಿಗಳಲ್ಲಿ ಮನುಷ್ಯರೇ ಇಲ್ಲ. ಕುಂಚದ ಒಂದೇ ಕೂದಲಿನಿಂದ ನಂಬರ್ ಪ್ಲೇಟಿನ ಮೇಲ್ಮುಖದ ಬಾಣ ಬರೆದಿದ್ದಾನೆ, ಸೀಟು ಮಾತ್ರ ಖಾಲಿ. ನಮ್ಮ ರಾಯಚೂರಿನ ಕೋಟೆಯನ್ನು ನೆನಪಿಸಿದೆ. ಕೋಟೆಯ ಗೋಡೆಯಲ್ಲಿ ಸುಮಾರು ನಲವತ್ತೊಂದು ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದ 1294ರ ಶಾಸನ ಅದರ ಮೇಲಿದೆ. ಆ ಬಂಡೆಯನ್ನು ಗಣಿಯಿಂದ ಹೇಗೆ ತಂದರು ಎಂಬುದನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. ಉದ್ದನೆಯ ಬಂಡಿ, ಸಾಲು ಸಾಲು ಕೋಣಗಳು, ಸನ್ನೆಗೋಲು ಹಾಕಿ ಗಾಲಿ ನೂಕುವ ಜನ. ಅಳತೆ ಹಿಡಿದರೆ ಆ ಚಿತ್ರದಲ್ಲಿ ಯಾವುದೂ ಸರಿಯಿಲ್ಲ. ಆದರೆ ಭಾರ ಎಷ್ಟಿತ್ತು, ಎಷ್ಟು ಜನರ ಬೆವರು ಹರಿಯಿತು ಎಂಬುದು ಏಳುನೂರು ವರ್ಷವಾದರೂ ಕಾಣುತ್ತದೆ. ವರ್ಷ ವರ್ಷ ನಾನು ಮಕ್ಕಳನ್ನು ಕರೆದೊಯ್ದು ತೋರಿಸುವ ಕಲ್ಲು. ಕೊರೆದವನಿಗೆ ನೂಕಿದವರ ಗುರುತಿತ್ತು. "ನಿನ್ನ ಲಾರಿ ತಾನಾಗಿ ಬಂದು ನಿಂತಂಗೈತಿ" ಎಂದು ತಮ್ಮನಿಗೆ ಹೇಳಿದೆ.

ಅವನು ಅದಕ್ಕೆ ಸಿಟ್ಟಾಗಲಿಲ್ಲ. ಪ್ಲಾಸ್ಟಿಕ್ ಮನುಷ್ಯರ ಮುಖ ತನಗೆ ಸೇರುವುದಿಲ್ಲ, ಎಲ್ಲರೂ ಒಂದೇ ಅಚ್ಚಿನವರು, ಯಾರ ಮುಖವೂ ಅಲ್ಲ ಅಂದ. ಆ ಮಾತು ನನಗೆ ಒಪ್ಪಿಗೆಯಾಯಿತು, ತಕರಾರು ಮಾತ್ರ ಹೋಗಲಿಲ್ಲ.

ಆ ವರ್ಷ ಶಾಲೆಯಲ್ಲಿ ವಸ್ತುಪ್ರದರ್ಶನವಿತ್ತು. ಎರಡನೆಯ ಲಾರಿಯನ್ನು ಹತ್ತಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದೇವದುರ್ಗಕ್ಕೆ ಒಯ್ದೆ. ಅದರ ಪಕ್ಕದಲ್ಲೇ ಏಳನೆಯ ತರಗತಿಯ ಹುಡುಗನೊಬ್ಬ ಜೋಳದ ದಂಟಿನ ಬಂಡಿ ತಂದಿಟ್ಟಿದ್ದ. ನಮ್ಮ ಕಡೆಯ ಹುಡುಗರು ದಂಟಿನ ಸಿಬಿರು ಸುಲಿದು, ಒಳಗಿನ ಬೆಂಡು ಕೊಯ್ದು, ಸಿಬಿರನ್ನೇ ಮೊಳೆಯಂತೆ ಚುಚ್ಚಿ ಬಂಡಿ ಮಾಡುತ್ತಾರೆ. ಪೆಟ್ಟಿಗೆಯಿಲ್ಲ, ನಂಬರಿಲ್ಲ, ಅಂಟೂ ಇಲ್ಲ. ಏನೂ ಇಲ್ಲದಲ್ಲಿಂದ ಮಾಡುವ ಈ ಕೆಲಸವನ್ನು ಕಿಟ್ಟಿನವರು ಸ್ಕ್ರ್ಯಾಚ್ ಬಿಲ್ಡಿಂಗ್ ಎಂದು ಕರೆದು ದೊಡ್ಡ ವಿದ್ಯೆ ಎನ್ನುತ್ತಾರೆ. ಆ ಹುಡುಗ ಲಾರಿಯ ಸುತ್ತ ಎರಡು ಸಲ ತಿರುಗಿ, ಕುಕ್ಕರುಗಾಲಿನಲ್ಲಿ ಕುಳಿತು ನೋಡಿ, "ಟೀಚರ್, ಇದರ ಮುಂದಿನ ಗಾಲಿ ಹೊಳ್ಳಂಗಿಲ್ಲೇನ್ರಿ?" ಎಂದು ಕೇಳಿದ. ಇಲ್ಲಪ್ಪ ಎಂದೆ. "ಮತ್ತ ಗುಡ್ಡದಾಗ ಹೆಂಗ ಹೋಗತೈತ್ರಿ?" ಎಂದ. ಅವನ ಬಂಡಿಯ ನೊಗ ತಿರುಗುತ್ತಿತ್ತು.

ಅಷ್ಟು ಒಳ್ಳೆಯ ವಿಮರ್ಶೆ ನನ್ನಿಂದ ಆಗಿರಲಿಲ್ಲ. ಸಂಜೆ ಫೋನಿನಲ್ಲಿ ತಮ್ಮನಿಗೆ ಹೇಳಿದೆ. ನಕ್ಕುಬಿಟ್ಟ.

ಮೂರನೆಯ ಲಾರಿ ಅಲ್ಲಿಂದ ಹುಟ್ಟಿತು. ಇದಕ್ಕೆ ಪೆಟ್ಟಿಗೆಯಿಂದ ತೆಗೆದುಕೊಂಡದ್ದು ಟೈರು ಮಾತ್ರ. ಉಳಿದದ್ದೆಲ್ಲ ಹಾಳೆ, ಕಡ್ಡಿ, ತಂತಿ. ಹೊಲಿಯುವವರು ಅಳತೆಯ ಜಂಪರು ಮುಂದಿಟ್ಟುಕೊಂಡು ಹೊಸದನ್ನು ಕತ್ತರಿಸುವ ಹಾಗೆ, ಎರಡನೆಯ ಲಾರಿಯನ್ನು ಮುಂದಿಟ್ಟುಕೊಂಡು ಅದರ ತಪ್ಪು ನೋಡುತ್ತ ಇದನ್ನು ಕತ್ತರಿಸಿದ. ಒಂದು ವರ್ಷದ ಮೇಲೆ ಹಿಡಿಯಿತು. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯಲ್ಲಿ ಜೋಜಿ ಲಾ ಎಂಬ ಕಣಿವೆ ಬರುತ್ತದೆ, ಸಮುದ್ರ ಮಟ್ಟದಿಂದ ಮೂರೂವರೆ ಸಾವಿರ ಮೀಟರ್ ಎತ್ತರ. ಆ ಏರಿನಲ್ಲಿ ನಿಂತ ಲಾರಿ ಇದು. ಮುಂದಿನ ಗಾಲಿಗಳನ್ನು ಗುಡ್ಡದ ಕಡೆಗೆ ಹೊಳ್ಳಿಸಿ ಅಂಟಿಸಿದ್ದಾನೆ. ಜಾರಿದರೆ ಪ್ರಪಾತಕ್ಕೆ ಹೋಗದೆ ಗುಡ್ಡಕ್ಕೆ ತಾಗಲಿ ಎಂದು ಹಾಗೆ ನಿಲ್ಲಿಸುತ್ತಾರಂತೆ. ಕೆಸರಿಲ್ಲ, ಬಿಳಿಯ ಧೂಳಿದೆ. ಗಾಜಿನ ಮೇಲೆ ವೈಪರ್ ಆಡಿದಷ್ಟು ಜಾಗ ಮಾತ್ರ ಸ್ವಚ್ಛ. ಬಾಗಿಲಿನ ಮೇಲ್ಗಡೆ ಮೊಣಕೈ ಊರುವ ಜಾಗದಲ್ಲಿ ಹಸಿರು ಬಣ್ಣ ಸವೆದು ಕಬ್ಬಿಣ ಕಾಣುತ್ತದೆ. ಇದನ್ನು ಯಾವ ಪುಸ್ತಕದ ಚಿತ್ರವೂ ಹೇಳಿಕೊಡಲಾರದು. ಇಲ್ಲಿಯೂ ಮನುಷ್ಯರಿಲ್ಲ, ಆದರೆ ಈಗ ತಾನೆ ಇಳಿದು ಹೋಗಿದ್ದಾರೆ. ಮೂರರಲ್ಲಿ ಇದೇ ಉತ್ತಮ ಎಂದು ನನ್ನ ತೀರ್ಮಾನ. ಎರಡನೆಯದು ಇದಕ್ಕಿಂತ ನುಣುಪಾಗಿದೆ ನಿಜ. ಇದರ ಬಾನೆಟ್ಟಿನ ಎಡಬದಿ ಬಲಕ್ಕಿಂತ ಒಂದು ಕೂದಲು ಎತ್ತರವಿದೆ. ಅದನ್ನೂ ಹೇಳಿದ್ದೇನೆ.

ಇನ್ನೊಂದು ತಪ್ಪು ಉಳಿಯಿತು. ಹಿಂದಿನ ಗಾಲಿಯ ಕೆಳಗೆ ಜಾರದಂತೆ ಕೊಟ್ಟ ಒಂದು ಮರದ ತುಂಡಿದೆ. ಪ್ಲಾಸ್ಟಿಕ್ ಅಲ್ಲ, ಬೇವಿನ ಕಡ್ಡಿಯಿಂದ ಕೆತ್ತಿದ ನಿಜವಾದ ಮರ. ನನಗೆ ಕಣ್ಣಿಗೇ ದೊಡ್ಡದೆನಿಸಿತು, ಸ್ಕೇಲಿಟ್ಟು ನೋಡಿದೆ. ಹನ್ನೆರಡು ಮಿಲಿಮೀಟರ್. ಅಂದರೆ ನಿಜದಲ್ಲಿ ನಲವತ್ತೆರಡು ಸೆಂಟಿಮೀಟರ್. ಅಂಥ ತುಂಡು ಒಂದಡಿಗಿಂತ ಉದ್ದವಿರುವುದಿಲ್ಲ ಎಂದು ಅವನೇ ಹಿಂದೆ ಹೇಳಿದ್ದ. ಹಾಗಾದರೆ ಇದು ಒಂಬತ್ತು ಮಿಲಿಮೀಟರೂ ಇರಬಾರದು. ರಿವೆಟ್ಟನ್ನೂ ಎಣಿಸಿ ಹಾಕಿದವನು ಇಷ್ಟು ದೊಡ್ಡ ಅಳತೆ ತಪ್ಪುವುದೆಂದರೇನು?

"ಇದು ತಪ್ಪೈತಿ, ಕಡಿಮಿ ಮಾಡು" ಎಂದೆ.

"ಗೊತ್ತೈತಿ."

"ಗೊತ್ತಿದ್ದೂ ಹಂಗ ಬಿಟ್ಟಿಯೇನು?"

ಸ್ವಲ್ಪ ಹೊತ್ತು ಬಿಟ್ಟು ಹೇಳಿದ. ಏರಿನಲ್ಲಿ ಲಾರಿ ನಿಂತರೆ ಜೊತೆಗಿದ್ದವನು ಆ ತುಂಡು ಹಿಡಿದು ಕೆಳಗೆ ಜಿಗಿಯಬೇಕು. ಲಾರಿ ಹಿಂದಕ್ಕೆ ಸರಿಯುವ ಮೊದಲು ಓಡಿಹೋಗಿ ಗಾಲಿಯ ಕೆಳಗೆ ಕೊಡಬೇಕು. ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿಯಲ್ಲಿ ನೋಡುತ್ತ ಕೂಡಬೇಕು. ಎರಡು ಚಳಿಗಾಲ ಅವನಿಗೆ ಆ ತುಂಡು ಕೊಟ್ಟವನು ಬಿಜಾಪುರ ಕಡೆಯ ಒಬ್ಬ ಹುಡುಗ. ಈಗ ಇಲ್ಲ. ಹೆಸರು ಹೇಳಿದ, ನಾನು ಇಲ್ಲಿ ಬರೆಯುವುದಿಲ್ಲ. "ಕನ್ನಡಿಯಾಗ ನನಗ ಅವ ಕಾಣ್ತಿರಲಿಲ್ಲಕ್ಕಾ. ಅವನ ಕೈಯಾಗಿನ ಕಟ್ಟಿಗಿ ಅಷ್ಟ ಕಾಣ್ತಿತ್ತು. ಅಷ್ಟ ದೊಡ್ಡದಿತ್ತು ಅದು" ಎಂದ.

ಅಳತೆ ತಪ್ಪಿದೆ ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ, ಕಡಿಮೆ ಮಾಡು ಎಂದು ಎರಡನೆಯ ಸಲ ಹೇಳಿಯೂ ಇಲ್ಲ. ಹೋದ ಭಾನುವಾರ ಹೋದಾಗ ಊಟದ ಮಣೆಯ ಮೇಲೆ ಹಳೆಯ ಪೇಪರು ಹಾಸಿ ನಾಲ್ಕನೆಯದನ್ನು ಶುರು ಮಾಡಿದ್ದ. ನಿಸಾನ್ ಒನ್ ಟನ್, ಅದೂ ಜಬಲ್ಪುರದ್ದೇ. ಮುಂದಿನ ಜಾಳಿಗೆಗೆ ಸಣ್ಣ ಕಣ್ಣಿನ ತಂತಿಬಲೆ ಬೇಕಂತೆ. ನನ್ನ ಚಹಾ ಸೋಸುವ ಜರಡಿಯ ಮೇಲೆ ಅವನ ಕಣ್ಣಿದೆ. ಹೊಸದು ತಂದುಕೊಟ್ಟ ಮೇಲೆ ಒಯ್ಯಿ ಎಂದಿದ್ದೇನೆ.